ಹಳೇ ಇಂಗ್ಲಿಷ್ ಪುಸ್ತಕದ ಸ್ಪೆಲ್ಲಿಂಗ್ ತಪ್ಪಾ? ಮೊದಲು ಯಾವ ಕಾಲದ್ದು, ಯಾವ ಊರಿಂದು ಅಂತ ಕೇಳಿ

ಪ್ರಶ್ನೆ: ನಾನು ಮೈಸೂರಲ್ಲಿ ಇತಿಹಾಸ ಎಂಎ ಓದ್ತಿದ್ದೀನಿ. ಟಿಪ್ಪು ಕಾಲದ ಯುದ್ಧಗಳ ಬಗ್ಗೆ ಇಂಗ್ಲಿಷರು ಬರೆದ ಹಳೇ ಪುಸ್ತಕಗಳನ್ನ ಸ್ಕ್ಯಾನ್ ಕಾಪೀಲಿ ನೋಡ್ತಿದ್ದೀನಿ. ಎಸ್ ಇರ್ಬೇಕಾದ ಕಡೆಯೆಲ್ಲ ಎಫ್ ಇದೆ, ಪಬ್ಲಿಕ್ ಅನ್ನೋದಕ್ಕೆ ಕೊನೇಲಿ ಕೆ ಹಾಕಿದ್ದಾರೆ, ಊರ ಹೆಸರಂತೂ ಪುಸ್ತಕಕ್ಕೊಂದು ಥರ. ಸರ್ಚ್ ಕೊಟ್ರೆ ಏನೂ ಸಿಗಲ್ಲ. ಇದೆಲ್ಲ ಪ್ರಿಂಟಿಂಗ್ ಮಿಸ್ಟೇಕಾ? ಪ್ರಬಂಧದಲ್ಲಿ ಕೋಟ್ ಮಾಡುವಾಗ ತಿದ್ದಿ ಬರೀಬೇಕಾ? ಇನ್ನೊಂದು, ನನ್ನ ತಂಗಿ ಟೆಸ್ಟಲ್ಲಿ ಕಲರ್ ಅನ್ನೋದನ್ನ ಯು ಇಲ್ದೆ ಬರೆದಿದ್ಲು ಅಂತ ಮಾರ್ಕ್ಸ್ ಕಟ್ ಮಾಡಿದ್ರು. ಅದು ನಿಜವಾಗ್ಲೂ ತಪ್ಪಾ?

ಉತ್ತರ: ಎಫ್ ವಿಷಯ ಮೊದಲು ತಗೋತೀನಿ, ಯಾಕಂದ್ರೆ ಹಳೇ ಪುಸ್ತಕ ಹಿಡಿದೋರೆಲ್ಲ ಮೊದಲು ಎಡವೋದು ಅಲ್ಲೇ. ನೀವು ನೋಡ್ತಿರೋದು ಎಫ್ ಅಲ್ಲವೇ ಅಲ್ಲ, ಅದು ಎಸ್ಸೇ. ಉದ್ದ ಎಸ್ ಅಂತ ಕರೀತಾರೆ. ಆಗ ಸಣ್ಣಕ್ಷರದ ಎಸ್‌ಗೆ ಎರಡು ರೂಪ ಇತ್ತು, ಪದದ ಶುರುವಲ್ಲಿ ಮತ್ತೆ ನಡುವೆ ಬಂದ್ರೆ ಉದ್ದದ್ದು, ಕೊನೇಲಿ ಬಂದ್ರೆ ನಾವು ಈಗ ಬರೆಯೋ ಸುರುಳಿ ಎಸ್. ಕ್ಯಾಪಿಟಲ್ ಎಸ್ ಮಾತ್ರ ಯಾವಾಗ್ಲೂ ಒಂದೇ ಥರ. ಪದದ ಕೊನೇಲಿ ಎರಡು ಎಸ್ ಒಟ್ಟಿಗೆ ಬಂದ್ರೆ ಸಾಮಾನ್ಯವಾಗಿ ಮೊದಲನೇದು ಉದ್ದ, ಎರಡನೇದು ಸುರುಳಿ. ಅಮೆರಿಕದ 1789ರ ಬಿಲ್ ಆಫ್ ರೈಟ್ಸ್ (ಪ್ರಜೆಗಳ ಹಕ್ಕುಗಳ ಪಟ್ಟಿ) ಕೈಬರಹದ ಪ್ರತಿಯ ಫೋಟೋ ಸಿಕ್ರೆ ಮೇಲಿನ ಸಾಲಲ್ಲೇ ಕಾಂಗ್ರೆಸ್ ಅನ್ನೋ ಪದ ಇದೆ, ಅದನ್ನ ನೋಡಿ, ಜನ ಅದನ್ನ ಇವತ್ತಿಗೂ 'ಕಾಂಗ್ರೆಫ್ಸ್' ಅಂತ ಓದ್ತಾರೆ.

ಗುರುತಿಸೋದು ಹೇಗೆ? ಸ್ಕ್ಯಾನನ್ನ ಚೆನ್ನಾಗಿ ಝೂಮ್ ಮಾಡಿ ಅಡ್ಡಗೆರೆ ನೋಡಿ. ಎಫ್‌ಗೆ ಅಡ್ಡಗೆರೆ ಕಂಬವನ್ನ ದಾಟಿ ಎರಡೂ ಕಡೆ ಇರತ್ತೆ. ಉದ್ದ ಎಸ್‌ಗೆ ಎಡಗಡೆ ಮಾತ್ರ ಒಂದು ಚಿಕ್ಕ ಚುಕ್ಕೆಯಂಥ ಗೆರೆ, ಇಟಾಲಿಕ್‌ನಲ್ಲಂತೂ ಸಾಮಾನ್ಯವಾಗಿ ಅದೂ ಇರಲ್ಲ. ನಾಲ್ಕೈದು ಪುಟ ಹೀಗೆ ನೋಡಿ ನೋಡಿ ಓದಿದ್ರೆ ಆಮೇಲೆ ಕಣ್ಣು ತಾನಾಗೇ ಒಗ್ಗತ್ತೆ. ನಮ್ಮಲ್ಲಿ ಶಾಸನ ಓದೋರು ಹಳಗನ್ನಡದ ಱ, ೞ ನೋಡಿ ಕಲ್ಲು ಕೆತ್ತಿದವನು ತಪ್ಪು ಮಾಡಿದ ಅನ್ನಲ್ವಲ್ಲ, ಆ ಅಕ್ಷರ ಇದ್ದಿದ್ರಿಂದಲೇ ಶಾಸನದ ಕಾಲ ಅಂದಾಜು ಮಾಡ್ತಾರೆ, ಇಲ್ಲೂ ಅದೇ ಲೆಕ್ಕ.

ಕಾಲ ಅಂತ ಯಾಕಂದೆ ಅಂದ್ರೆ, ಈ ಉದ್ದ ಎಸ್ ಹೋದದ್ದು ಹೆಚ್ಚುಕಡಿಮೆ ಒಂದು ಇಪ್ಪತ್ತು ವರ್ಷದೊಳಗೆ. ಲಂಡನ್ನಿನ ಮುದ್ರಕ ಜಾನ್ ಬೆಲ್ 1780ರ ದಶಕದಲ್ಲೇ ಅದನ್ನ ಕೈಬಿಟ್ಟ, ನಿಧಾನಕ್ಕೆ ಉಳಿದೋರೂ ಬಿಟ್ರು, ಲಂಡನ್ನಿನ ಟೈಮ್ಸ್ ಪತ್ರಿಕೆ 1803ರ ಸೆಪ್ಟೆಂಬರ್ 10ಕ್ಕೆ ಬಿಟ್ಟಿತು. ಕೈಬರಹದಲ್ಲಿ ಮಾತ್ರ ಇನ್ನೂ ಕೆಲವು ದಶಕ ಉಳ್ಕೊಂಡಿತ್ತು. ಈಗ ನಿಮ್ಮ ವಿಷಯಕ್ಕೆ ಹೊಂದಿಸಿ ನೋಡಿ. ಶ್ರೀರಂಗಪಟ್ಟಣದ ಒಪ್ಪಂದ 1792, ಕೋಟೆ ಬಿದ್ದದ್ದು 1799ರ ಮೇ 4. ಅಂದ್ರೆ ನೀವು ಓದ್ತಿರೋ ಪುಸ್ತಕಗಳು ಅಚ್ಚಾದದ್ದು ಸರಿಯಾಗಿ ಈ ಬದಲಾವಣೆ ನಡೀತಿದ್ದ ಹೊತ್ತಲ್ಲಿ. ಒಂದು ಪುಸ್ತಕದಲ್ಲಿ ಉದ್ದ ಎಸ್ ಇದ್ದು ಅದರ ಮುಂದಿನ ವರ್ಷದ್ದರಲ್ಲಿ ಇಲ್ದೇ ಇದ್ರೆ ಗಾಬರಿ ಬೇಡ, ಆ ಅಚ್ಚುಕೂಟ ಹಳೇ ಅಚ್ಚಿನ ಮೊಳೆ ಇಟ್ಕೊಂಡಿತ್ತಾ ಹೊಸದು ತರಿಸಿತ್ತಾ ಅನ್ನೋದಷ್ಟೇ ವ್ಯತ್ಯಾಸ. ಮುಖಪುಟ ಹರಿದುಹೋಗಿ ವರ್ಷ ಗೊತ್ತಿಲ್ಲದ ಪುಸ್ತಕ ಸಿಕ್ಕಿ ಅದರ ತುಂಬ ಉದ್ದ ಎಸ್ ಇದ್ರೆ, 1800ರ ಆಸುಪಾಸು ಇಲ್ಲಾ ಅದಕ್ಕಿಂತ ಹಿಂದಿನದು ಅಂತ ಸಾಕಷ್ಟು ಧೈರ್ಯವಾಗಿ ಹೇಳ್ಬಹುದು.

ನಿಮ್ಮ ಸರ್ಚ್ ಕೆಲಸ ಮಾಡದೇ ಇರೋದಕ್ಕೂ ಇದೇ ದೊಡ್ಡ ಕಾರಣ. ಸ್ಕ್ಯಾನ್ ಮಾಡಿದ ಪುಟದಿಂದ ಅಕ್ಷರ ಎತ್ತೋದು ಓಸಿಆರ್ ಅನ್ನೋ ಸಾಫ್ಟ್‌ವೇರ್, ಅದಕ್ಕೆ ನಿಮ್ಮ ಥರಾನೇ ಉದ್ದ ಎಸ್ ಎಫ್ ಆಗಿ ಕಾಣತ್ತೆ. ಹಾಗಾಗಿ 'ಸೇಮ್' ಅನ್ನೋದು ಒಳಗಡೆ 'ಫೇಮ್' ಅಂತ ದಾಖಲಾಗಿರತ್ತೆ, 'ಸಚ್' ಅನ್ನೋದು 'ಫಚ್' ಆಗಿರತ್ತೆ, ನೀವು ಸರಿಯಾದ ಸ್ಪೆಲ್ಲಿಂಗ್ ಕೊಟ್ಟು ಹುಡುಕಿದ್ರೆ ಆ ಪುಟ ಬರೋದೇ ಇಲ್ಲ. ಗೂಗಲ್‌ನವರು 2010ರಲ್ಲಿ ಎನ್‌ಗ್ರಾಮ್ ವ್ಯೂವರ್ ಅಂತ ತಂದ್ರಲ್ಲ, ಯಾವ ಪದ ಯಾವ ವರ್ಷ ಎಷ್ಟು ಬಳಕೇಲಿತ್ತು ಅಂತ ಗ್ರಾಫ್ ತೋರಿಸೋದು, ಅದರಲ್ಲಿ 'ಬೆಸ್ಟ್' ಅನ್ನೋದನ್ನ ಎಸ್ ಹಾಕಿ ಒಂದ್ಸಲ, ಎಫ್ ಹಾಕಿ ಒಂದ್ಸಲ ಕೊಟ್ಟು ನೋಡಿ. ಎಫ್ ಇರೋದು 1800ರ ಹತ್ತಿರ ದಬ್ ಅಂತ ಕೆಳಗೆ ಬೀಳತ್ತೆ, ಎಸ್ ಇರೋದು ಮೇಲೇಳತ್ತೆ. ಭಾಷೇಲಿ ಏನೂ ಆಗಿಲ್ಲ, ಮುದ್ರಕರು ಮೊಳೆ ಬದಲಾಯಿಸಿದ್ದು ಅಷ್ಟೇ. ಈ ಗ್ರಾಫನ್ನ ನಂಬ್ಕೊಂಡು 1800ಕ್ಕಿಂತ ಹಿಂದಿನ ಯಾವ ಪದದ ಬಗ್ಗೆಯಾದ್ರೂ ತೀರ್ಮಾನ ಹೇಳೋದು ಅಪಾಯ, ದಯವಿಟ್ಟು ಪ್ರಬಂಧದಲ್ಲಿ ಹಾಗೆ ಮಾಡಬೇಡಿ. ಸರ್ಚ್ ಮಾಡುವಾಗ ಪದದೊಳಗಿನ ಎಸ್ ಜಾಗದಲ್ಲಿ ಎಫ್ ಹಾಕಿ ಇನ್ನೊಮ್ಮೆ ಹುಡುಕಿ, ಕೊನೇ ಎಸ್ ಮಾತ್ರ ಹಾಗೇ ಬಿಡಿ. 'ಪ್ರಿಸನರ್ಸ್' ಬೇಕಿದ್ರೆ ಮೊದಲನೇ ಎಸ್ ಮಾತ್ರ ಎಫ್ ಆಗಬೇಕು. ಇಷ್ಟು ಮಾಡಿದ್ರೇ ಮೊದಲು ಸಿಗದ ಎಷ್ಟೋ ಪುಟ ಸಿಗತ್ತೆ.

ಇನ್ನು ಪಬ್ಲಿಕ್‌ನ ಕೊನೇ ಕೆ. ಅದು ಅಕ್ಷರದ ರೂಪದ ವಿಷಯ ಅಲ್ಲ, ಅದು ನಿಜವಾದ ಸ್ಪೆಲ್ಲಿಂಗ್, ಆ ಕಾಲಕ್ಕೆ ಪೂರ್ತಿ ಸರಿಯಾದ ಸ್ಪೆಲ್ಲಿಂಗ್. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಂದ ಡಿಕ್ಷನರೀಲಿ ಪಬ್ಲಿಕ್, ಮ್ಯೂಸಿಕ್ ಎಲ್ಲಕ್ಕೂ ಸಿ ಆದ್ಮೇಲೆ ಕೆ ಇದೆ. ನಮ್ಮ ದೇಶದಲ್ಲೇ ಇದಕ್ಕೆ ಒಂದು ಒಳ್ಳೇ ಸಾಕ್ಷಿ ಇದೆ. 1784ರಲ್ಲಿ ಕಲ್ಕತ್ತಾದಲ್ಲಿ ವಿಲಿಯಂ ಜೋನ್ಸ್ ಶುರು ಮಾಡಿದ ಏಷಿಯಾಟಿಕ್ ಸೊಸೈಟಿ ಹೆಸರಲ್ಲಿ ಕೊನೇಗೆ ಕೆ ಇತ್ತು, ಅವರ ಸಂಶೋಧನಾ ಸಂಪುಟಗಳ ಮೇಲೂ ಹಾಗೇ ಅಚ್ಚಾಗಿದೆ, 1825ರಲ್ಲಿ ಸೊಸೈಟಿ ಆ ಕೆ ತೆಗೆದುಹಾಕಿತು. ಹಾಗಾಗಿ ಲೈಬ್ರರಿ ಕ್ಯಾಟಲಾಗಲ್ಲಿ ಒಂದೇ ಸಂಸ್ಥೆ ಎರಡು ಸ್ಪೆಲ್ಲಿಂಗಲ್ಲಿ ಕಂಡ್ರೆ ಎರಡು ಸಂಸ್ಥೆ ಅಂದ್ಕೋಬೇಡಿ.

ಇದೇ ಜಾಗದಲ್ಲಿ ನಿಮ್ಮ ತಂಗಿ ವಿಷಯ ಹೇಳಿಬಿಡ್ತೀನಿ, ಅದು ನನಗೆ ತುಂಬಾ ಮುಖ್ಯ ಅನ್ಸತ್ತೆ, ಯಾಕಂದ್ರೆ ಮಕ್ಕಳಿಗೆ 'ಇದು ತಪ್ಪು' ಅಂತ ಹೇಳೋದಕ್ಕೂ 'ಇದು ಇನ್ನೊಂದು ದೇಶದ ರೂಢಿ' ಅಂತ ಹೇಳೋದಕ್ಕೂ ಬಹಳ ವ್ಯತ್ಯಾಸ ಇದೆ. ಯು ಇಲ್ಲದ ಕಲರ್ ತಪ್ಪಲ್ಲ. ಅದು ಅಮೆರಿಕದ್ದು. ನಮ್ಮ ಶಾಲೆಗಳಲ್ಲಿ ಬ್ರಿಟಿಷ್ ಸ್ಪೆಲ್ಲಿಂಗ್ ಪಾಠ ಮಾಡೋದ್ರಿಂದ ಟೀಚರ್ ಅದನ್ನ ಕೇಳೋದು ನ್ಯಾಯವೇ, ಒಂದು ಉತ್ತರಪತ್ರಿಕೇಲಿ ಒಂದೇ ರೂಢಿ ಇರ್ಲಿ ಅನ್ನೋದೂ ಸರಿ. ಆದ್ರೆ ಆ ಮಗು ಅದನ್ನ ಕಲ್ಪಿಸಿ ಬರೆದಿಲ್ಲ, ಎಲ್ಲೋ ಓದಿದೆ, ಫೋನಲ್ಲಿ ನೋಡಿದೆ, ಆಟೋಕರೆಕ್ಟ್ ಅಮೆರಿಕನ್ ಇಂಗ್ಲಿಷಿಗೆ ಸೆಟ್ ಆಗಿದ್ರೆ ಯು ಹಾಕಿದ್ರೂ ಅದು ಕೆಳಗೆ ಕೆಂಪು ಗೆರೆ ಎಳೆಯತ್ತೆ. ಬೆಂಗಳೂರಲ್ಲಿ ವೆಬ್‌ಸೈಟ್ ಮಾಡೋರನ್ನ ಕೇಳಿ, ಸಿಎಸ್‌ಎಸ್‌ನಲ್ಲಿ, ಅಂದ್ರೆ ವೆಬ್ ಪುಟ ಹೇಗೆ ಕಾಣ್ಬೇಕು ಅಂತ ಹೇಳೋ ಕೋಡಲ್ಲಿ, ಬಣ್ಣ ಕೊಡೋಕೆ ಯು ಹಾಕಿ ಕಲರ್ ಅಂತ ಬರೆದ್ರೆ ಬ್ರೌಸರ್ ಆ ಸಾಲನ್ನೇ ಬಿಟ್ಟುಬಿಡತ್ತೆ, ಆದ್ರೆ ಗ್ರೇ ಬಣ್ಣದ ಹೆಸರನ್ನ ಎ ಹಾಕಿ ಬರೆದ್ರೂ ಇ ಹಾಕಿ ಬರೆದ್ರೂ ತಗೊಳತ್ತೆ. ಶಾಲೇಲಿ ಒಂದು, ಕೆಲಸದಲ್ಲಿ ಇನ್ನೊಂದು ಬೇಕಾಗೋ ಮಕ್ಕಳು ಇವರು. ಎರಡೂ ಹೇಳಿಕೊಡಿ.

ಅಮೆರಿಕದವರು ಸ್ಪೆಲ್ಲಿಂಗ್ ಕೆಡಿಸಿದ್ರು ಅನ್ನೋ ಮಾತು ನಮ್ಮಲ್ಲಿ ತುಂಬಾ ಕೇಳಿಬರತ್ತೆ, ಅದು ಇತಿಹಾಸಕ್ಕೆ ಒಪ್ಪಲ್ಲ. 1787ರಲ್ಲಿ ಬರೆದ ಅಮೆರಿಕದ ಸಂವಿಧಾನವನ್ನೇ ತೆಗೆದು ನೋಡಿ. ಪೀಠಿಕೇಲೇ ಡಿಫೆನ್ಸ್ ಅನ್ನೋದು ಸಿ ಹಾಕಿ ಇದೆ, ಇವತ್ತು ಅಮೆರಿಕದಲ್ಲಿ ಅದನ್ನ ಎಸ್ ಹಾಕಿ ಬರೀತಾರೆ. ನಾಲ್ಕನೇ ವಿಧೀಲಿ ಲೇಬರ್ ಅನ್ನೋದು ಯು ಜೊತೆಗಿದೆ. ಪ್ರತಿನಿಧಿ ಸಭೆ ತನ್ನ ಸ್ಪೀಕರನ್ನ ಆರಿಸ್ಕೋಬೇಕು ಅನ್ನೋ ಕಡೆ ಚೂಸ್ ಅನ್ನೋದಕ್ಕೆ ಸಿ, ಎಚ್, ಯು, ಎಸ್, ಇ ಅಂತ ಇದೆ. ಸಹಿಗಳ ಜಾಗದಲ್ಲಿ ಪೆನ್ಸಿಲ್ವೇನಿಯಾಗೆ ನಡುವೆ ಒಂದೇ ಎನ್. ಅಂದ್ರೆ ಆಗಿನ್ನೂ ಅಮೆರಿಕನ್ ಸ್ಪೆಲ್ಲಿಂಗ್ ಅನ್ನೋದೇ ಬೇರೆಯಾಗಿ ನಿಂತಿರ್ಲಿಲ್ಲ, ಎರಡು ಕಡೆನೂ ಎರಡೂ ಥರ ಬರೀತಿದ್ರು. ಆಮೇಲೆ ಬಂದವನು ನೋವಾ ವೆಬ್‌ಸ್ಟರ್, 1806ರಲ್ಲಿ ಒಂದು ಚಿಕ್ಕ ಡಿಕ್ಷನರಿ, 1828ರಲ್ಲಿ ದೊಡ್ಡದು. ಹೊಸ ದೇಶಕ್ಕೆ ತನ್ನದೇ ಬರವಣಿಗೆ ಇರ್ಬೇಕು ಅನ್ನೋ ಹಟ ಅವನದು. ಇದ್ದ ರೂಪಗಳಲ್ಲಿ ಚಿಕ್ಕದನ್ನ, ಸರಳವಾದ್ದನ್ನ ಆರಿಸ್ಕೊಂಡ. ಕಲರ್‌ನಲ್ಲಿ ಯು ಬೇಡ ಅಂದದ್ದನ್ನ ಜನ ಒಪ್ಪಿದ್ರು, ಟಂಗ್ ಅನ್ನೋದನ್ನ ಟಿ, ಯು, ಎನ್, ಜಿ ಅಂತ ಬರೀರಿ ಅಂದದ್ದನ್ನ ಒಪ್ಪಲಿಲ್ಲ. ಒಬ್ಬ ಮನುಷ್ಯ ಹೇಳಿದ್ದಕ್ಕೆ ಭಾಷೆ ಬದಲಾಗಲ್ಲ, ಜನ ಯಾವುದನ್ನ ಎತ್ಕೋತಾರೋ ಅದೇ ಉಳಿಯೋದು. 1906ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸರ್ಕಾರಿ ಮುದ್ರಣಾಲಯ ಮುನ್ನೂರು ಪದಗಳನ್ನ ಸರಳ ಸ್ಪೆಲ್ಲಿಂಗಲ್ಲಿ ಹಾಕಬೇಕು ಅಂತ ಆರ್ಡರೇ ಮಾಡಿದ್ರು, ಅದೇ ವರ್ಷ ಕೊನೆಯೊಳಗೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಅದನ್ನ ತಳ್ಳಿಹಾಕಿತು.

ಬ್ರಿಟಿಷರೂ ಯು ಬಿಡದೇ ಇಟ್ಕೊಂಡೋರಲ್ಲ. ಜಾನ್ಸನ್ ಡಿಕ್ಷನರೀಲಿ ಗವರ್ನರ್, ಎರರ್ ಎರಡಕ್ಕೂ ಯು ಇತ್ತು, ಈಗ ಲಂಡನ್ನಲ್ಲೂ ಇಲ್ಲ. ಟೈರ್ ಅನ್ನೋದಕ್ಕೆ ನಮ್ಮ ಪಂಕ್ಚರ್ ಅಂಗಡಿ ಬೋರ್ಡಲ್ಲಿ ವೈ ಇರತ್ತೆ, ಅಮೆರಿಕದಲ್ಲಿ ಐ, ಆ ಐ ಇರೋದು ಒಂದು ಕಾಲದಲ್ಲಿ ಇಂಗ್ಲೆಂಡಿನದೇ ರೂಢಿ, ವೈ ಅಲ್ಲಿ ಮತ್ತೆ ಗಟ್ಟಿಯಾದದ್ದು 19ನೇ ಶತಮಾನದಲ್ಲಿ. ಆರ್ಗನೈಜ್ ಥರದ ಪದಗಳಲ್ಲಿ ಝಡ್ ಕಂಡ ಕೂಡ್ಲೇ ಅಮೆರಿಕನ್ ಅಂತ ಹೇಳೋದೂ ತಪ್ಪು, ಆಕ್ಸ್‌ಫರ್ಡ್ ಡಿಕ್ಷನರಿ ಝಡ್ಡನ್ನೇ ಬಳಸೋದು, ವಿಶ್ವಸಂಸ್ಥೆಯ ದಾಖಲೆಗಳಲ್ಲೂ ಯು ಇರೋ ಲೇಬರ್ ಜೊತೆಗೆ ಝಡ್ ಇರೋ ಆರ್ಗನೈಜೇಶನ್ ಇರತ್ತೆ. ಕೆನಡಾದಲ್ಲಿ ಕಲರ್‌ಗೆ ಯು ಹಾಕ್ತಾರೆ, ಟೈರ್‌ಗೆ ಮಾತ್ರ ಐ. ಆಸ್ಟ್ರೇಲಿಯಾದ್ದು ಇನ್ನೂ ಸ್ವಾರಸ್ಯ, ಅಲ್ಲಿ ಸಾಮಾನ್ಯ ಬರವಣಿಗೇಲಿ ಲೇಬರ್‌ಗೆ ಯು ಇದೆ, ಆದ್ರೆ ಲೇಬರ್ ಪಾರ್ಟಿ ಹೆಸರಲ್ಲಿ ಇಲ್ಲ, ಪಾರ್ಟಿಯವರು 1912ರಲ್ಲಿ ಯು ಇಲ್ಲದ ರೂಪವನ್ನೇ ಇಟ್ಕೊಂಡ್ರು. ಅಲ್ಲಿರೋ ಕನ್ನಡದ ಮಕ್ಕಳು ಒಂದೇ ಪೇಪರಿನ ಒಂದೇ ಸುದ್ದೀಲಿ ಎರಡನ್ನೂ ಓದ್ಬೇಕಾಗತ್ತೆ, ಎರಡೂ ಸರಿ.

ಉಳಿದ ಕೆಲವನ್ನ ಬೇಗ ಹೇಳ್ತೀನಿ. ಶೋ ಅನ್ನೋದಕ್ಕೆ ಒ ಬದಲು ಇ ಹಾಕಿರೋದು ಹಳೇ ಕಾಗದಗಳಲ್ಲಿ ಸಿಗತ್ತೆ, ಓದೋದು ಶೋ ಅಂತಲೇ. ಕನೆಕ್ಷನ್‌ಗೆ ಎಕ್ಸ್ ಇದ್ರೂ ಅದೇ ಪದ, ಬ್ರಿಟನ್ನಿನ ಮೆಥಡಿಸ್ಟ್ ಚರ್ಚ್ ಇವತ್ತಿಗೂ ತನ್ನನ್ನ 'ಕನೆಕ್ಷನ್' ಅಂತ ಆ ಎಕ್ಸ್ ಹಾಕೇ ಕರ್ಕೊಳತ್ತೆ. ಟುಡೇ, ಟುಮಾರೋ ನಡುವೆ ಅಡ್ಡಗೆರೆ ಇರೋದು 20ನೇ ಶತಮಾನದ ಮೊದಲ ದಶಕಗಳವರೆಗೂ ಮಾಮೂಲು. ಜೈಲ್ ಅನ್ನೋದನ್ನ ಜಿ, ಎ, ಒ, ಎಲ್ ಅಂತ ಬರೆದಿರೋದನ್ನ ನಮ್ಮೋರು 'ಗೋಲ್' ಅಂತ ಓದ್ತಾರೆ, ಅದೂ ಜೈಲೇ. ಫ್ರಾನ್ಸಿನ ಎರಡು ಪ್ರಾಂತ್ಯಗಳ ಫ್ರೆಂಚಿಂದ ಇಂಗ್ಲಿಷಿಗೆ ಒಂದೇ ಪದ ಎರಡು ಸಲ ಬಂದದ್ದು ಅದು, ಡಬ್ಲಿನ್ನಿನ ಕಿಲ್‌ಮೇನಂ ಜೈಲಿನ ಹೆಸರು ಈಗ್ಲೂ ಆ ಹಳೇ ಸ್ಪೆಲ್ಲಿಂಗಲ್ಲೇ ಇದೆ. 1600ರ ಆಸುಪಾಸಿಗೆ ಹೋದ್ರೆ ಯು ಮತ್ತು ವಿ ಒಂದೇ ಅಕ್ಷರದ ಎರಡು ರೂಪ, ಶುರುವಲ್ಲಿ ವಿ, ನಡುವೆ ಯು, ಹಾಗಾಗಿ ಲವ್ ಅನ್ನೋದಕ್ಕೆ ಯು ಇರತ್ತೆ, ಅಪಾನ್ ಅನ್ನೋದು ವಿ ಇಂದ ಶುರುವಾಗತ್ತೆ, ಜಾಯ್ ಅನ್ನೋದಕ್ಕೆ ಜೆ ಬದಲು ಐ. ಶೇಕ್ಸ್‌ಪಿಯರ್‌ನದು ಅಂತ ಒಪ್ಪಿರೋ ಸಹಿ ಉಳಿದಿರೋದು ಆರು, ಒಂದರಲ್ಲೂ ನಾವು ಇವತ್ತು ಬರೆಯೋ ಸ್ಪೆಲ್ಲಿಂಗ್ ಇಲ್ಲ.

ಅಂಗಡಿ ಬೋರ್ಡುಗಳಲ್ಲಿ, ವಿದೇಶ ಪ್ರವಾಸದ ಫೋಟೋಗಳಲ್ಲಿ ಕಾಣೋ 'ಯೀ ಓಲ್ಡ್' ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಅಲ್ಲಿ ವೈ, ಇ ಅಂತ ಇರೋದನ್ನ ಎಲ್ರೂ ಯೀ ಅಂತ ಓದ್ತಾರೆ, ಆದ್ರೆ ಅದು ಬರೀ 'ದಿ'. ಹಳೇ ಇಂಗ್ಲಿಷಲ್ಲಿ ಟಿಎಚ್ ಶಬ್ದಕ್ಕೆ ಥಾರ್ನ್ ಅನ್ನೋ ಅಕ್ಷರ ಇತ್ತು, ಕೈಬರಹದಲ್ಲಿ ಅದು ಬರಬರ್ತಾ ವೈ ಥರ ಕಾಣೋಕೆ ಶುರುವಾಯ್ತು, 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ಇಟ್ಟಾಗ ಸಮುದ್ರದಾಚೆಯ ಯುರೋಪಿಂದ ಬಂದ ಮೊಳೆಗಳಲ್ಲಿ ಥಾರ್ನ್ ಇರ್ಲಿಲ್ಲ, ಮುದ್ರಕರು ವೈಯನ್ನೇ ಹಾಕಿಬಿಟ್ರು. ಓದೋರು ಮಾತ್ರ ದಿ ಅಂತಲೇ ಓದ್ತಿದ್ರು. 'ನೀವು' ಅನ್ನೋ ಅರ್ಥದ ಯೀ ಬೇರೆ, ಬೈಬಲ್ಲಲ್ಲಿ ಬರತ್ತಲ್ಲ, ಅದು ನಿಜವಾದ ವೈ, ಎರಡನ್ನೂ ಕಲಸಬೇಡಿ. ಸ್ಕಾಟ್ಲೆಂಡಿನ ಮೆನ್ಜೀಸ್ ಅನ್ನೋ ಮನೆತನದ ಹೆಸರಲ್ಲೂ ಹೀಗೇ ಆಗಿದೆ, ಯೋಗ್ ಅನ್ನೋ ಹಳೇ ಅಕ್ಷರದ ಜಾಗಕ್ಕೆ ಝಡ್ ಬಂತು, ಊರಿನೋರು ಅದನ್ನ ಇಂದಿಗೂ 'ಮಿಂಗಿಸ್' ಅಂತಲೇ ಹೇಳೋದು.

ಈಗ ನಿಮಗೆ ನಿಜವಾಗಿ ಕಷ್ಟ ಕೊಡ್ತಿರೋ ಊರ ಹೆಸರುಗಳು. ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿಗಳಿಗೆ ನಮ್ಮ ಹೆಸರುಗಳನ್ನ ಬರೆಯೋಕೆ ಒಂದು ನಿಯಮ ಇರ್ಲಿಲ್ಲ, ಕಿವಿಗೆ ಬಿದ್ದದ್ದನ್ನ ಇಂಗ್ಲಿಷ್ ಓದಿನ ಅಭ್ಯಾಸದಂತೆ ಬರೆದ್ರು. ಉ ಶಬ್ದಕ್ಕೆ ಎರಡು ಒ, ಈ ಶಬ್ದಕ್ಕೆ ಎರಡು ಇ. ಹಾಗಾಗಿ ಟಿಪ್ಪು ಅನ್ನೋದು ಕೊನೇಲಿ ಎರಡು ಒ, ಹೈದರ್ ಅಲಿಗೆ ಕೊನೇಲಿ ವೈ, ಚಿತ್ರದುರ್ಗ, ಸಾವನದುರ್ಗ, ನಂದಿದುರ್ಗ ಎಲ್ಲದರ ದುರ್ಗ 'ಡ್ರೂಗ್' ಆಯ್ತು, ಚಿತ್ರದುರ್ಗ 'ಚಿಟ್ಟಲ್‌ಡ್ರೂಗ್', ನಂದಿದುರ್ಗ 'ನಂಡಿಡ್ರೂಗ್', ಬಿದನೂರು 'ಬೆಡ್ನೋರ್', ಶ್ರೀರಂಗಪಟ್ಟಣ 'ಸೆರಿಂಗಪಟಂ'. ಮಾರ್ಕ್ ವಿಲ್ಕ್ಸ್ ಅನ್ನೋ ಕಂಪನಿ ಅಧಿಕಾರಿ 1810ರಿಂದ ತಂದ ಮೈಸೂರು ಇತಿಹಾಸದ ಸಂಪುಟಗಳ ಮುಖಪುಟದಲ್ಲೇ ಮೈಸೂರಿಗೆ ಎರಡು ಒ ಇದೆ, ಉಚ್ಚಾರಣೆಗೆ ಆಮೇಲೆ ಬಂದ ಸ್ಪೆಲ್ಲಿಂಗಿಗಿಂತ ಅದೇ ಹತ್ತಿರ ಅಂತ ನನ್ನ ಅಭಿಪ್ರಾಯ. ಏಷ್ಯಾದ ಪದಗಳನ್ನ ರೋಮನ್ ಲಿಪೀಲಿ ಹೇಗೆ ಬರೀಬೇಕು ಅಂತ ವಿಲಿಯಂ ಜೋನ್ಸ್ 1788ರಲ್ಲೇ ಒಂದು ಪ್ರಬಂಧ ಪ್ರಕಟಿಸಿದ್ರು, ಆದ್ರೆ ಸರ್ಕಾರಿ ಬಳಕೇಲಿ ಒಂದು ಪದ್ಧತಿ ಕೂತದ್ದು ಡಬ್ಲ್ಯೂ. ಡಬ್ಲ್ಯೂ. ಹಂಟರ್ ಕಾಲಕ್ಕೆ, ಅವರ ಇಂಪೀರಿಯಲ್ ಗೆಜೆಟಿಯರ್, ಅಂದ್ರೆ ದೇಶದ ಊರು-ಪ್ರಾಂತ್ಯಗಳ ವಿವರ ಕೊಡೋ ಸರ್ಕಾರಿ ಕೋಶ, ಮೊದಲು ಬಂದದ್ದು 1881ರಲ್ಲಿ. ಅಲ್ಲಿಂದ ಎರಡು ಒ ಹೋಗಿ ಯು ಬಂತು, ಆಗ್ಲೇ ರೂಢಿಯಾಗಿದ್ದ ದೊಡ್ಡ ಹೆಸರುಗಳನ್ನ ಮಾತ್ರ ಮುಟ್ಟಲಿಲ್ಲ. ಕೆಜಿಎಫ್ ಕಡೆ ಹೋದ್ರೆ ಇದರ ಪಳೆಯುಳಿಕೆ ಸಿಗತ್ತೆ, ಅಲ್ಲಿನ ಒಂದು ಗಣಿ ಹೆಸರು ನಂಡಿಡ್ರೂಗ್ ಅಂತ ಹಳೇ ಸ್ಪೆಲ್ಲಿಂಗಲ್ಲೇ ಉಳೀತು, ಊರಿಗಾಂ ಸ್ಟೇಷನ್ ಹೆಸರು ಇವತ್ತಿಗೂ ಎರಡು ಒ ಇಂದ ಶುರುವಾಗತ್ತೆ.

ಅದಾದ ಮೇಲೆ 2014ರ ನವೆಂಬರ್ 1ಕ್ಕೆ ಕರ್ನಾಟಕದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯ್ತಲ್ಲ. ಹಾಗಾಗಿ ನಿಮಗೆ ಒಂದೊಂದು ಊರಿಗೂ ಕಮ್ಮಿ ಅಂದ್ರೆ ಮೂರು ಪದರ ಇದೆ: ಕಂಪನಿ ಕಾಲದ್ದು, ಗೆಜೆಟಿಯರ್ ಕಾಲದ್ದು, ಈಗಿಂದು. ಯಾವ ವರ್ಷದ ಪುಸ್ತಕ ಹುಡುಕ್ತಿದ್ದೀರೋ ಆ ಪದರದ ಸ್ಪೆಲ್ಲಿಂಗ್ ಕೊಟ್ಟು ಹುಡುಕಬೇಕು.

ಕೋಟ್ ಮಾಡೋ ವಿಷಯಕ್ಕೆ ಬಂದ್ರೆ, ನಾನು ಖಚಿತವಾಗಿ ಹೇಳೋದು, ಸ್ಪೆಲ್ಲಿಂಗ್ ತಿದ್ದಬೇಡಿ. ಪಬ್ಲಿಕ್‌ನ ಕೆ, ಟಿಪ್ಪುವಿನ ಎರಡು ಒ, ಎಲ್ಲ ಇದ್ದ ಹಾಗೇ ಇರ್ಲಿ, ಮುಂದೆ ನಿಮ್ಮ ಪ್ರಬಂಧ ಓದೋನಿಗೆ ಆ ಮೂಲ ಹುಡುಕೋಕೆ ಅದೇ ದಾರಿ. ಆದ್ರೆ ಉದ್ದ ಎಸ್ಸನ್ನ ಮಾಮೂಲಿ ಎಸ್ ಆಗಿ ಬರೆದ್ರೆ ಏನೂ ತೊಂದರೆ ಇಲ್ಲ, ಅದು ಅಕ್ಷರದ ಆಕಾರ ಮಾತ್ರ, ಸ್ಪೆಲ್ಲಿಂಗ್ ಅಲ್ಲ. ಎಫ್ ಅಂತ ಮಾತ್ರ ಟೈಪ್ ಮಾಡಬೇಡಿ, ಅದು ಯಾವ ಕಾಲದಲ್ಲೂ ಇರದ ಪದ ಆಗತ್ತೆ, ಓಸಿಆರ್‌ನಿಂದ ಕಾಪಿ ಪೇಸ್ಟ್ ಮಾಡೋರ ಪ್ರಬಂಧಗಳಲ್ಲಿ ಇದು ತುಂಬಾ ಆಗ್ತಿದೆ. ಹಳೇ ಸ್ಪೆಲ್ಲಿಂಗ್ ಬಂದ ಕಡೆಯೆಲ್ಲ 'ಸಿಕ್' (ಮೂಲದಲ್ಲಿ ಹೀಗೇ ಇದೆ ಅನ್ನೋ ಗುರುತು) ಅಂತ ಬ್ರ್ಯಾಕೆಟ್ ಹಾಕೋದೂ ಬೇಡ, 'ಉಲ್ಲೇಖಗಳಲ್ಲಿ ಮೂಲದ ಕಾಗುಣಿತ ಉಳಿಸಿದೆ, ಉದ್ದ ಎಸ್ ಮಾತ್ರ ಬದಲಾಯಿಸಿದೆ' ಅಂತ ಮೊದಲ ಪುಟಗಳಲ್ಲಿ ಒಂದ್ಸಲ ಹೇಳಿದ್ರೆ ಸಾಕು. ಸಿಕ್ ಇಟ್ಕೊಳ್ಳೋದು ನಿಜವಾದ ಅಚ್ಚಿನ ತಪ್ಪಿಗೆ. ಅಂಥವೂ ಇರ್ತವೆ. ಬೇರ್ಪಡಿಸೋದು ಕಷ್ಟ ಇಲ್ಲ, ಆ ರೂಪ ಆ ಕಾಲದ ಬೇರೆ ಪುಸ್ತಕಗಳಲ್ಲೂ ಬರ್ತಿದ್ರೆ ಅದು ಸ್ಪೆಲ್ಲಿಂಗ್, ಒಂದೇ ಪುಸ್ತಕದ ಒಂದೇ ಸಾಲಲ್ಲಿ ಮಾತ್ರ ಇದ್ರೆ ಮೊಳೆ ಜೋಡಿಸಿದೋನ ಕೈತಪ್ಪು ಇರ್ಬಹುದು. ಅನುಮಾನ ಬಂದ್ರೆ ಯೂನಿವರ್ಸಿಟಿ ಲೈಬ್ರರೀಲಿ ದೊಡ್ಡ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ಸಿಗತ್ತಾ ಕೇಳಿ, ಅದರಲ್ಲಿ ಹಳೇ ಪದಗಳ ಕೆಳಗೆ ಯಾವ ಶತಮಾನದಲ್ಲಿ ಯಾವ್ಯಾವ ರೂಪ ಇತ್ತು ಅಂತ ಕೊಟ್ಟಿರ್ತಾರೆ. ಪುಸ್ತಕದ ಕೊನೇಲೋ ಮೊದಲಲ್ಲೋ ಇರೋ ತಪ್ಪೋಲೆಯನ್ನೂ ನೋಡಿ, ಮುದ್ರಕರು ತಾವೇ ಒಪ್ಕೊಂಡ ತಪ್ಪುಗಳು ಅಲ್ಲಿರ್ತವೆ.

ಒಂದು ಕೆಲಸ ಈಗಿಂದಲೇ ಶುರು ಮಾಡಿ. ಒಂದು ಎಕ್ಸೆಲ್ ಶೀಟ್ ಇಟ್ಕೊಳ್ಳಿ, ಎಡಗಡೆ ಊರಿನ ಅಥವಾ ವ್ಯಕ್ತಿಯ ಈಗಿನ ಕನ್ನಡ ಹೆಸರು, ಪಕ್ಕದಲ್ಲಿ ಕಂಡ ಪ್ರತಿಯೊಂದು ಇಂಗ್ಲಿಷ್ ರೂಪ, ಅದರ ಮುಂದೆ ಪುಸ್ತಕ, ವರ್ಷ, ಪುಟ. ಎಸ್ ಇರೋ ಹೆಸರಾದ್ರೆ ಎಫ್ ಹಾಕಿದ ಓಸಿಆರ್ ರೂಪವನ್ನೂ ಇನ್ನೊಂದು ಕಾಲಮ್ಮಲ್ಲಿ ಬರೀರಿ. ಪ್ರಬಂಧ ಮುಗಿಯೋ ಹೊತ್ತಿಗೆ ಅದನ್ನೇ ಅನುಬಂಧವಾಗಿ ಸೇರಿಸಬಹುದು, ಮೈಸೂರು ಯುದ್ಧಗಳ ಬಗ್ಗೆ ಇನ್ಮುಂದೆ ಕೆಲಸ ಮಾಡೋರಿಗೆ ಅದು ತುಂಬಾ ಉಪಯೋಗಕ್ಕೆ ಬರತ್ತೆ.